ಕಡೆಯುವ ಕಲ್ಲಿಗೆ ರಜೆ ಕೊಡುವ ಕೋಳಿ

ಮಂಗಳೂರಿನ ಮನೆಗಳಲ್ಲಿ ಕೋಳಿ ತಂದ ದಿನ ಮೊದಲು ಒಲೆಗೇರುವುದು ಬ್ಯಾಡಗಿ ಮೆಣಸು. ಅದರ ಬೆನ್ನಿಗೆ ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ಆಮೇಲೆ ತೆಂಗಿನಕಾಯಿ. ಕಡೆಯುವ ಕಲ್ಲಿನ ಜಾಗಕ್ಕೆ ಮಿಕ್ಸಿ ಬಂದು ಎಷ್ಟೋ ಕಾಲವಾಯಿತು. ಆದರೂ ಮಸಾಲೆ ಕಡೆಯದೆ ಕೋಳಿ ಪದಾರ್ಥ ಮಾಡಬಹುದು ಎಂದರೆ ಇಲ್ಲಿನ ಕದ್ರಿಯ ಹಿರಿಯ ಹೆಂಗಸರು ಮುಖ ಮುಖ ನೋಡಿಕೊಂಡಾರು. ಗಸಿ, ಸುಕ್ಕ, ಘೀ ರೋಸ್ಟ್, ಯಾವುದಕ್ಕೂ ಕಡೆದ ಮಸಾಲೆಯೇ ಜೀವ. ಹೀಗಿರುವಾಗ ಒಂದು ಚಮಚ ಮೆಣಸಿನ ಪುಡಿಯೂ ಇಲ್ಲದೆ, ಹುಳಿಯನ್ನೂ ಹೊಗೆಯನ್ನೂ ನಂಬಿ ಬೇಯುವ ಕೋಳಿಯೊಂದನ್ನು ಈ ಊರಿಗೆ ಪರಿಚಯಿಸಲು ಸ್ವಲ್ಪ ಧೈರ್ಯ ಬೇಕು.

ಆ ಕೋಳಿಯ ಹೆಸರು ಇನಾಸಲ್. ಫಿಲಿಪ್ಪೀನ್ಸಿನ ನಡುಭಾಗದ ದ್ವೀಪಗಳಲ್ಲಿ, ಮುಖ್ಯವಾಗಿ ನೀಗ್ರೋಸ್ ದ್ವೀಪದ ಬಾಕೋಲೊಡ್ ಮತ್ತು ಪಕ್ಕದ ದ್ವೀಪದ ಇಲೊಯ್ಲೊ ನಗರಗಳಲ್ಲಿ ಇದು ದಿನನಿತ್ಯದ ಊಟ. ವಿನೆಗರ್, ಪುಟ್ಟ ನಿಂಬೆಯ ರಸ, ಶುಂಠಿ, ಬೆಳ್ಳುಳ್ಳಿ, ನಿಂಬೆ ಹುಲ್ಲುಗಳಲ್ಲಿ ನೆನೆದ ಕೋಳಿಯನ್ನು ಬಿದಿರ ಕಡ್ಡಿಗೆ ಚುಚ್ಚಿ, ಕೆಂಡದ ಮೇಲಿಟ್ಟು, ಕೆಂಪು ಎಣ್ಣೆ ಸವರುತ್ತಾ ಸುಡುತ್ತಾರೆ. ಬಾಕೋಲೊಡ್‌ನಲ್ಲಿ ಇದಕ್ಕೆಂದೇ ಸಾಲುಸಾಲು ಅಂಗಡಿಗಳ ಒಂದು ಪ್ರದೇಶವಿತ್ತು. ಮನೋಕನ್ ಕಂಟ್ರಿ ಎಂದು ಅದರ ಹೆಸರು. ಆ ಊರಿನಲ್ಲಿ ಯಾರೂ ಬರೀ 'ಒಂದು ಪ್ಲೇಟ್ ಚಿಕನ್' ಎಂದು ಕೇಳುವುದಿಲ್ಲ. ಎದೆ ಬೇಕೋ, ಕಾಲು ಬೇಕೋ, ರೆಕ್ಕೆಯೋ, ಪಿತ್ತಜನಕಾಂಗವೋ ಎಂದು ಬಿಡಿಸಿ ಹೇಳಬೇಕು. ಬಾಲದ ತುದಿಯ ಕೊಬ್ಬಿನ ತುಂಡುಗಳನ್ನೇ ಕಡ್ಡಿಗೆ ಪೋಣಿಸಿ ಸುಟ್ಟದ್ದಕ್ಕೆ ಬೇರೆಯೇ ಅಭಿಮಾನಿಗಳಿದ್ದಾರೆ. 2003ರಲ್ಲಿ ಇಲೊಯ್ಲೊದಲ್ಲಿ ಎಡ್ಗರ್ ಸಿಯಾ ಎಂಬ ತರುಣ ಇದೇ ಕೋಳಿಯನ್ನು ನಂಬಿ 'ಮಾಂಗ್ ಇನಾಸಲ್' ಎಂಬ ಹೋಟೆಲು ತೆರೆದ. 2010ರಲ್ಲಿ ಜಾಲಿಬೀ ಎಂಬ ದೊಡ್ಡ ಕಂಪನಿ ಅದರ ಶೇ. 70ರಷ್ಟು ಪಾಲನ್ನು 300 ಕೋಟಿ ಪೆಸೊ ಕೊಟ್ಟು ಕೊಂಡಿತು. ಬೀದಿಬದಿಯ ಕೆಂಡದ ಕೋಳಿಗೆ ಅಂಥ ಬೆಲೆ.

ಕದ್ರಿಗೂ ಈ ಕೋಳಿಗೂ ಎಲ್ಲಿಯ ನಂಟು ಎಂದು ಕೇಳುವವರು ಕರಾವಳಿಯ ಮಕ್ಕಳು ದುಡಿಯಲು ಹೋಗುವ ಜಾಗಗಳನ್ನು ನೆನೆಸಿಕೊಳ್ಳಲಿ. ಲೋಕದ ಸರಕು ಹಡಗುಗಳಲ್ಲಿ ದುಡಿಯುವವರಲ್ಲಿ ಫಿಲಿಪ್ಪೀನ್ಸಿನವರದು ಬಹು ದೊಡ್ಡ ಪಾಲು. ಭಾರತೀಯರೂ ಹೆಚ್ಚು ಹಿಂದಿಲ್ಲ. ಪಣಂಬೂರಿನಲ್ಲಿ ಬಂದರು ಕಟ್ಟುವ ಎಷ್ಟೋ ಮೊದಲೇ ಹಡಗು ಹತ್ತಿದವರು ಈ ಜಿಲ್ಲೆಯವರು. ದುಬೈ, ಕುವೈತ್, ದಮ್ಮಾಮ್‌ಗಳ ಆಸ್ಪತ್ರೆ, ಹೋಟೆಲು, ಆಫೀಸುಗಳಲ್ಲಂತೂ ಮಂಗಳೂರಿನವರೂ ಮನಿಲಾದವರೂ ಪಕ್ಕಪಕ್ಕದಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಕೆಂಡದ ಕೋಳಿಯ ರುಚಿಯನ್ನು ಈ ಊರಿನ ಬೀದಿಗೆ ತಂದದ್ದು ಇದೇ ಗಲ್ಫ್. ಇವತ್ತು ಸಂಜೆಯಾದರೆ ಮಂಗಳೂರಿನ ಬೀದಿಗಳಲ್ಲಿ ಹೊಗೆಯಾಡುವ ಅಲ್‌ಫಾಮ್ ಆ ದಾರಿಯಲ್ಲೇ ಬಂದದ್ದು. ಇನಾಸಲ್ ಇನ್ನೂ ಹಾಗೆ ಅಂಗಡಿ ಹಾಕಿ ಕೂತಿಲ್ಲ. ಆದ್ದರಿಂದ ಮನೆಯಲ್ಲೇ ಮಾಡಿಕೊಳ್ಳಬೇಕು. ಸಂತೋಷದ ಸಂಗತಿಯೆಂದರೆ ಅದಕ್ಕೆ ಬೇಕಾದದ್ದು ಮುಕ್ಕಾಲು ಪಾಲು ಮಲ್ಲಿಕಟ್ಟೆಯ ಕದ್ರಿ ಮಾರುಕಟ್ಟೆಯ ಸುತ್ತಮುತ್ತಲೇ ಸಿಗುತ್ತದೆ. ಉಳಿದದ್ದು ಯಾರದೋ ಹಿತ್ತಿಲಲ್ಲಿರುತ್ತದೆ.

ಬಾಕೋಲೊಡ್ ಇರುವುದು ಸಮಭಾಜಕ ವೃತ್ತದಿಂದ ಸುಮಾರು ಹತ್ತು ಮುಕ್ಕಾಲು ಡಿಗ್ರಿ ಉತ್ತರಕ್ಕೆ, ಮಂಗಳೂರು ಹೆಚ್ಚುಕಡಿಮೆ ಹದಿಮೂರಕ್ಕೆ. ಅದೇ ಸೆಖೆ, ಅದೇ ಮಳೆ, ಅದೇ ತೆಂಗು. ಅಲ್ಲಿಯವರು ಹಿಂಡುವ ಪುಟ್ಟ ಕಲಮಾನ್ಸಿ ನಮ್ಮಲ್ಲಿ ಅಪರೂಪ. ಅದು ಕಿತ್ತಳೆಯ ಬಳಗಕ್ಕೂ ಕಂಕ್ವಾಟ್ ಎಂಬ ಪುಟ್ಟ ಹಣ್ಣಿಗೂ ಹುಟ್ಟಿದ ಮಿಶ್ರತಳಿ. ಹಾಗಾಗಿ ಎರಡು ಪಾಲು ನಿಂಬೆರಸಕ್ಕೆ ಒಂದು ಪಾಲು ಕೊಡಗಿನ ಕಿತ್ತಳೆಯ ರಸ ಬೆರೆಸಿದರೆ ಹತ್ತಿರ ಹತ್ತಿರ ಅದೇ ಪರಿಮಳ ಬರುತ್ತದೆ. ನಿಂಬೆ ಹುಲ್ಲನ್ನು ನಮ್ಮವರು ಮಜ್ಜಿಗೆ ಹುಲ್ಲೆಂದು ಕರೆದು ಬಾವಿಕಟ್ಟೆಯ ಬಳಿ ಬೆಳೆಸಿದ್ದಾರೆ; ಚಹಾಕ್ಕೋ ಕಷಾಯಕ್ಕೋ ಎರಡು ಎಲೆ ಕಿತ್ತರೆ ಅದರ ಕೆಲಸ ಮುಗಿಯಿತು. ಇನಾಸಲ್‌ಗೆ ಎಲೆಗಿಂತ ಬುಡದ ಬಿಳಿ ದಂಟು ಮುಖ್ಯ.

ಇನ್ನು ವಿನೆಗರ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಫಿಲಿಪ್ಪೀನ್ಸಿನವರು ತೆಂಗಿನ ಕಳ್ಳನ್ನು ಹುಳಿ ಬರಿಸಿ ವಿನೆಗರ್ ಮಾಡುತ್ತಾರೆ. ಸಕ್ಕರೆಯ ಸೀಮೆಯಾದ ನೀಗ್ರೋಸ್‌ನಲ್ಲಿ ಕಬ್ಬಿನ ಹಾಲಿನದೂ ಉಂಟು. ತೆಂಗಿನ ಹೊಂಬಾಳೆಯಿಂದ ಇಳಿಯುವ ಸಿಹಿರಸವನ್ನು ಗಾಳಿಯಲ್ಲಿನ ಯೀಸ್ಟ್ ಮೊದಲು ಮದ್ಯವಾಗಿಸುತ್ತದೆ, ಆಮೇಲೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆ ಮದ್ಯವನ್ನು ಹುಳಿಯಾಗಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಕಳ್ಳು ಇಳಿಸುವ ಮೂರ್ತೆದಾರರು ಇಂದಿಗೂ ಮರ ಹತ್ತುತ್ತಾರೆ. ಗೋವೆಯಿಂದ ಬಂದು ನೆಲೆಸಿದ ಕ್ರೈಸ್ತರ ಅಡುಗೆಯಲ್ಲಿ ಕಳ್ಳು ಸನ್ನವನ್ನು ಉಬ್ಬಿಸುತ್ತದೆ, ಕಳ್ಳಿನ ವಿನೆಗರ್ ಇಂಡಾಡ್‌ಗೂ ಸೊರ್ಪೊಟೆಲ್‌ಗೂ ಹುಳಿ ಕೊಡುತ್ತದೆ. ಹಾಗಾಗಿ ಕದ್ರಿ, ಬೆಂದೂರು ಕಡೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಅಥವಾ ಪರಿಚಯದ ಕ್ರೈಸ್ತ ಮನೆಯಲ್ಲಿ ಕೇಳಿದರೆ ತೆಂಗಿನ ವಿನೆಗರ್ ಸಿಕ್ಕದೇ ಇರಲಿಕ್ಕಿಲ್ಲ. ಗೋಬಿ ಮಂಚೂರಿಗೆ ಬಳಸುವ ಬಿಳಿ ಬಾಟಲಿಯ ಮೇಲೆ 'ಸಿಂಥೆಟಿಕ್' ಎಂದು ಬರೆದಿರುತ್ತದೆ. ಅದು ನೀರು ಬೆರೆಸಿದ ಅಸಿಟಿಕ್ ಆಮ್ಲ, ಮೂಗಿಗೆ ಹೊಡೆಯುವ ಹುಳಿಯ ಹೊರತು ಅದರಲ್ಲಿ ಬೇರೇನೂ ಇಲ್ಲ. ಬೇರೆ ದಾರಿಯಿಲ್ಲದಿದ್ದರೆ ಅರ್ಧ ಪ್ರಮಾಣ ಹಾಕಿ. ಆದರೆ ಈ ಅಡುಗೆಯ ಅರ್ಧ ಸೊಗಸು ಅಲ್ಲೇ ಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಂಪು ಎಣ್ಣೆಯ ಕತೆ ಇನ್ನೂ ಸ್ವಾರಸ್ಯದ್ದು. ಆ ಬಣ್ಣ ಮೆಣಸಿನದಲ್ಲ, ರಂಗಮಾಲಿ ಬೀಜದ್ದು. ಮುಳ್ಳುಮುಳ್ಳಾದ ಕಾಯಿ, ಒಳಗೆ ಮುಟ್ಟಿದರೆ ಬೆರಳಿಗೆ ಅಂಟುವ ಕುಂಕುಮ ಬಣ್ಣ. ಲಿಪ್‌ಸ್ಟಿಕ್ ಗಿಡವೆಂದು ಮಕ್ಕಳು ಆಡುವುದು ಅದರಲ್ಲೇ. ಬೆಣ್ಣೆ, ಚೀಸ್‌ಗಳ ಪೊಟ್ಟಣದ ಮೇಲೆ 160ಬಿ ಎಂದು ಕಾಣುವ ಬಣ್ಣವೂ ಇದೇ. ಹುಟ್ಟೂರು ಅಮೆರಿಕಾ ಖಂಡ. ಮೆಕ್ಸಿಕೊದ ಅಕಾಪುಲ್ಕೊ ಮತ್ತು ಮನಿಲಾಗಳ ನಡುವೆ 1565ರಿಂದ 1815ರವರೆಗೆ ಓಡಾಡಿದ ಸ್ಪೇನಿನ ಹಡಗುಗಳು ಅದನ್ನು ಫಿಲಿಪ್ಪೀನ್ಸಿಗೆ ಮುಟ್ಟಿಸಿದವು. ಅದೇ ಹಡಗಿನಲ್ಲಿ ಹೋದ ಫಿಲಿಪ್ಪೀನ್ಸಿನ ನಾವಿಕರು ಮೆಕ್ಸಿಕೊದ ಕಡಲ ಕರೆಯವರಿಗೆ ತೆಂಗಿನ ಕಳ್ಳು ಇಳಿಸುವುದನ್ನು ಕಲಿಸಿದರು. ನಮ್ಮ ಕಡೆಗೆ ಪೋರ್ಚುಗೀಸರು ಅದೇ ಖಂಡದಿಂದ ತಂದದ್ದು ಮೆಣಸಿನಕಾಯಿ. ಒಂದೇ ಖಂಡದ ಎರಡು ಕೆಂಪು, ಒಂದು ಖಾರದ್ದು, ಒಂದು ಬರೀ ಬಣ್ಣದ್ದು. ಕೆಂಪು ಕಂಡೊಡನೆ ನೀರಿನ ಲೋಟ ಹುಡುಕುವ ನಮ್ಮ ನಾಲಿಗೆಗೆ ಇನಾಸಲ್ ಮೊದಲ ತುತ್ತಿನಲ್ಲಿ ಮೋಸ ಮಾಡುವುದು ಇದರಿಂದಲೇ.

ರಂಗಮಾಲಿಯ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ. ಅರ್ಧ ಲೋಟ ಎಣ್ಣೆಗೆ ಎರಡು ದೊಡ್ಡ ಚಮಚ ಬೀಜ ಹಾಕಿ ಸಣ್ಣ ಉರಿಯಲ್ಲಿಡಿ. ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಒಳ್ಳೆಯದು. ನಾಲ್ಕೈದು ನಿಮಿಷದಲ್ಲಿ ಎಣ್ಣೆ ಕೆಂಪಾಗುತ್ತದೆ. ಬೀಜ ಕಪ್ಪಾಗುವ ತನಕ ಬಿಟ್ಟರೆ ಕಹಿ, ಆದ್ದರಿಂದ ಬಣ್ಣ ಬಿಟ್ಟ ಕೂಡಲೇ ಇಳಿಸಿ ಸೋಸಬೇಕು. ಬೀಜ ಸಿಗದಿದ್ದರೆ ಅರಸಿನ ಮತ್ತು ಚಿಟಿಕೆ ಕಾಶ್ಮೀರಿ ಮೆಣಸಿನ ಪುಡಿಯಿಂದ ಬಣ್ಣ ಹೊಂದಿಸಬಹುದು, ಮಣ್ಣಿನ ಘಮದಂಥ ಅದರ ಮೆಲುವಾಸನೆ ಮಾತ್ರ ಬರುವುದಿಲ್ಲ. ಕೋಳಿಯಿಂದ ತೆಗೆದ ಕೊಬ್ಬನ್ನು ಎಸೆಯದೆ ಇದೇ ಎಣ್ಣೆಯಲ್ಲಿ ಕರಗಿಸಿದರೆ ಇನ್ನೂ ರುಚಿ.

ಕೋಳಿ ಅಂಗಡಿಯಲ್ಲಿ 'ಚರ್ಮ ಬೇಕಾ, ತೆಗೀಬೇಕಾ?' ಎಂದು ಕೇಳಿದಾಗ ನಮ್ಮಲ್ಲಿ ಹೆಚ್ಚಿನವರು ಯೋಚಿಸದೆ ತೆಗೆಸಿಬಿಡುತ್ತಾರೆ. ಗಸಿಗೆ ಅದು ಸರಿ. ಇಲ್ಲಿ ಚರ್ಮ ಬೇಕೇ ಬೇಕು. ಮಾಂಸ ಒಣಗದಂತೆ ಕಾಯುವುದೂ ಕೆಂಡಕ್ಕೆ ಕೊಬ್ಬು ತೊಟ್ಟಿಕ್ಕಿಸಿ ಹೊಗೆ ಎಬ್ಬಿಸುವುದೂ ಅದೇ. ಟೈಸನ್ ಎಂಬ ತಳಿಯ ಕೋಳಿಯಾಗಲಿ ಊರಿನ ಕೋಳಿಯಾಗಲಿ ಈ ಕೆಲಸಕ್ಕೆ ಗಟ್ಟಿ. ಬ್ರಾಯ್ಲರ್ ಕೋಳಿಯ ತೊಡೆಸಹಿತವಾದ ಕಾಲು ನಾಲ್ಕು, ಸುಮಾರು ಒಂದು ಕಿಲೊ ತನ್ನಿ. ಮೂಳೆಯವರೆಗೆ ಎರಡೆರಡು ಗೀರು ಹಾಕಿಸಿ.

ನೆನೆಸುವುದಕ್ಕೆ ಅರ್ಧ ಲೋಟ ತೆಂಗಿನ ವಿನೆಗರ್, ಕಾಲು ಲೋಟ ನಿಂಬೆ–ಕಿತ್ತಳೆ ರಸ, ಎರಡು ಇಂಚು ಶುಂಠಿ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಮೂರು ದಂಟು ಮಜ್ಜಿಗೆ ಹುಲ್ಲು, ಒಂದು ದೊಡ್ಡ ಚಮಚ ಉಪ್ಪು, ಎರಡು ದೊಡ್ಡ ಚಮಚ ಬೆಲ್ಲ, ಸ್ವಲ್ಪ ಕಾಳುಮೆಣಸು. ಜೋನಿ ಬೆಲ್ಲ ಇದ್ದರೆ ಬಲು ಚೆನ್ನ. ಶುಂಠಿ, ಬೆಳ್ಳುಳ್ಳಿ, ಹುಲ್ಲು ಮೂರನ್ನೂ ಜಜ್ಜಿದರೆ ಸಾಕು. ದಯವಿಟ್ಟು ಮಿಕ್ಸಿಗೆ ಹಾಕಬೇಡಿ. ನುಣ್ಣಗಾದದ್ದು ಚರ್ಮಕ್ಕೆ ಅಂಟಿ ಕೆಂಡದಲ್ಲಿ ಕರಟುತ್ತದೆ. ನೆನೆಯುವ ಹೊತ್ತು ಎರಡರಿಂದ ನಾಲ್ಕು ಗಂಟೆ. ರಾತ್ರಿಯಿಡೀ ಇಟ್ಟರೆ ಹೆಚ್ಚು ರುಚಿ ಎಂಬ ನಂಬಿಕೆ ಮೊಸರಿನ ಮಸಾಲೆಗೆ ಹೊಂದೀತು. ಇಷ್ಟು ಹುಳಿಯಲ್ಲಿ ಅಷ್ಟು ಹೊತ್ತು ಬಿಟ್ಟರೆ ಹೊರಪದರದ ಮಾಂಸ ಹುಡಿಹುಡಿಯಾಗುತ್ತದೆ. ಸ್ಪ್ರೈಟ್‌ನಂಥ ಸೋಡಾ ಹಾಕುವವರೂ ಫಿಲಿಪ್ಪೀನ್ಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ತೆಂಗಿನ ವಿನೆಗರೂ ಬೆಲ್ಲವೂ ಇರುವ ಊರಿನಲ್ಲಿ ಅದರ ಹಂಗೇಕೆ?

ಒಲೆ ಕದ್ರಿಯಲ್ಲಿ ಮನೆಯನ್ನು ಅವಲಂಬಿಸಿದ್ದು. ಅಂಗಳವಿರುವ ಹೆಂಚಿನ ಮನೆಗಳು ಉಳಿದಿರುವುದು ಕೆಲವೇ. ಅಲ್ಲಿ ನಾಲ್ಕು ಕೆಂಪುಕಲ್ಲಿನ ಮೇಲೆ ಕಬ್ಬಿಣದ ಜಾಲರಿ ಇಟ್ಟರೆ ಆಯಿತು. ಫ್ಲಾಟಿನವರಿಗೆ ತಾರಸಿಯೇ ಗತಿ, ಅದೂ ಅಸೋಸಿಯೇಷನ್ ಒಪ್ಪಿದರೆ. ಬಾಲ್ಕನಿಯಲ್ಲಿ ಹೊತ್ತಿಸುವ ಮಾತೇ ಬೇಡ, ಬೆಂಕಿಯ ಭಯ ಒಂದು, ಮೇಲಿನ ಮನೆಯವರು ಸಸ್ಯಾಹಾರಿಗಳಾಗಿದ್ದರೆ ಹೊಗೆಯ ಜಗಳ ಇನ್ನೊಂದು. ಕದ್ರಿ ದೇವಸ್ಥಾನದ ಮಂಜುನಾಥನ ವಾರವೆಂದು ಸೋಮವಾರ ಮೀನು ಮಾಂಸ ಮುಟ್ಟದ ಮನೆಗಳು ಇಲ್ಲಿ ಬಹಳ, ಹಾಗಾಗಿ ಭಾನುವಾರವೇ ಇದಕ್ಕೆ ಹೇಳಿ ಮಾಡಿಸಿದ ದಿನ.

ಕೆಂಡಕ್ಕೆಂದು ಬಳಸುವ ಒಣಗಿದ ತೆಂಗಿನ ಗೆರಟೆ ಬಲು ಬೇಗ ಹೊತ್ತಿ ದೊಡ್ಡ ಜ್ವಾಲೆ ಎಬ್ಬಿಸುತ್ತದೆ. ಆ ಜ್ವಾಲೆಗೆ ಕೋಳಿ ಒಡ್ಡಿದರೆ ಹೊರಗೆ ಕರಿ, ಒಳಗೆ ಹಸಿ. ಉರಿ ಇಳಿದು ಕೆಂಡದ ಮೇಲೆ ಬೂದಿಯ ಬಿಳಿ ಪದರ ಕೂರುವವರೆಗೆ ಕಾಯಬೇಕು. ಕೆಂಡವನ್ನು ಒಂದು ಬದಿಗೆ ದಪ್ಪಗೆ, ಇನ್ನೊಂದು ಬದಿಗೆ ತೆಳ್ಳಗೆ ಹರಡಿ, ಕೋಳಿಯನ್ನು ಮೊದಲು ತೆಳ್ಳಗಿನ ಕಡೆ ಇಡಿ. ಐದಾರು ನಿಮಿಷಕ್ಕೊಮ್ಮೆ ಮಗುಚುತ್ತಾ, ಮಜ್ಜಿಗೆ ಹುಲ್ಲಿನ ದಂಟನ್ನು ಜಜ್ಜಿ ಕುಂಚದಂತೆ ಮಾಡಿ ಕೆಂಪೆಣ್ಣೆ ಸವರುತ್ತಾ ಹೋದರೆ ಮೂವತ್ತು ನಲವತ್ತು ನಿಮಿಷ ಬೇಕು. ಹಸಿ ಕೋಳಿ ನೆನೆದ ರಸವನ್ನು ಹಾಗೇ ಸವರಬಾರದು. ಬಳಸಲೇಬೇಕೆಂದಿದ್ದರೆ ಚೆನ್ನಾಗಿ ಕುದಿಸಿ. ಕೊನೆಯ ಎರಡು ನಿಮಿಷ ಚರ್ಮದ ಬದಿಯನ್ನು ದಪ್ಪ ಕೆಂಡದ ಮೇಲೆ ಹಿಡಿದರೆ ಅಲ್ಲಲ್ಲಿ ಸುಟ್ಟ ಕಲೆ ಮೂಡುತ್ತದೆ, ಅಷ್ಟು ಇರಬೇಕು. ಉಷ್ಣಮಾಪಕ ಇದ್ದವರು ತೊಡೆಯ ಮೂಳೆಯ ಬಳಿ 74 ಡಿಗ್ರಿ ಸೆಲ್ಸಿಯಸ್ ನೋಡಿ. ಇಲ್ಲದವರು ಚುಚ್ಚಿದಾಗ ಬರುವ ರಸ ತಿಳಿಯಾಗಿದೆಯೇ ನೋಡಿದರೆ ಸಾಕು. ಓವನ್ನಿನಲ್ಲಿ 200 ಡಿಗ್ರಿಗೆ ಮುಕ್ಕಾಲು ಗಂಟೆ ಇಟ್ಟರೂ ಒಳ್ಳೆಯ ಕೋಳಿಯೇ ಸಿಗುತ್ತದೆ, ಆದರೆ ಅದನ್ನು ಇನಾಸಲ್ ಎನ್ನಲು ನನಗೆ ಮನಸ್ಸಿಲ್ಲ.

ಜೊತೆಗೆ ಅನ್ನವೇ ಆಗಬೇಕು. ಅಲ್ಲಿಯವರು ಬಿಸಿ ಅನ್ನದ ಮೇಲೆ ಕೆಂಪೆಣ್ಣೆಯನ್ನೇ ಎರಡು ಚಮಚ ಸುರಿದುಕೊಂಡು ಕೈಯಲ್ಲಿ ಕಲಸಿ ಉಣ್ಣುತ್ತಾರೆ. ಕುಚ್ಚಲಕ್ಕಿಯ ಅಭಿಮಾನಿಗಳು ಕ್ಷಮಿಸಬೇಕು, ಇದಕ್ಕೆ ಹೊಂದುವುದು ಬೆಳ್ತಿಗೆ ಅನ್ನ. ಕುಚ್ಚಲಕ್ಕಿಯ ದಪ್ಪ ಅಗುಳಿನ ಮೇಲೆ ಎಣ್ಣೆ ಜಾರಿಹೋಗುತ್ತದೆ. ಅದ್ದಿಕೊಳ್ಳಲು ಸೋಯಾ ಸಾಸ್, ನಿಂಬೆರಸ, ವಿನೆಗರ್ ಬೆರೆಸಿದ ಒಂದು ಬಟ್ಟಲು ಬೇಕು. ಖಾರ ಬರುವುದು ಇಲ್ಲಿ, ಅವರವರ ಇಷ್ಟದಷ್ಟು. ಇಲೊಯ್ಲೊದವರು ವಿನೆಗರ್ ಬಾಟಲಿಯಲ್ಲಿ ಸಣ್ಣ ಮೆಣಸು, ಬೆಳ್ಳುಳ್ಳಿ, ಶುಂಠಿ ಹಾಕಿಟ್ಟು ಸಿನಮಕ್ ಎಂಬುದನ್ನು ತಯಾರಿಸುತ್ತಾರೆ. ನಮ್ಮ ಗಾಂಧಾರಿ ಮೆಣಸು ಅದಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ವಾರ ಬಿಟ್ಟು ತೆಗೆದರೆ ಹುರಿದ ಬಂಗುಡೆಗೂ ನಡೆಯುತ್ತದೆ.

ಉಳಿದರೆ ಮಾರನೆಯ ದಿನ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ, ಅದೇ ವಿನೆಗರ್ ಎರಡು ಹನಿ ಚಿಮುಕಿಸಿ ನೀರುದೋಸೆಯ ಜೊತೆ ಕೊಡಿ. ಸೋಮವಾರ ಮಾಂಸ ಮುಟ್ಟದ ಮನೆಯವರು ಅಷ್ಟನ್ನೂ ಭಾನುವಾರ ರಾತ್ರಿಯೇ ಮುಗಿಸಬೇಕಾಗುತ್ತದೆ.