ಕುಕಿ ಎಂಬ ಬಿಲ್ಲೆ

ಬಾನುಲಿ ನಿಲಯ ನುಡಿಯುತ್ತದೆ, ನೀವು ಕೇಳುತ್ತೀರಿ. ಅಲ್ಲಿಂದ ಹೊರಟ ಧ್ವನಿಯನ್ನು ಯಾವ ಯಾವ ಮನೆಯ ಪೆಟ್ಟಿಗೆ ಹಿಡಿಯಿತು, ಯಾರು ಸಂಗೀತ ಮುಗಿದೊಡನೆ ಗುಂಡಿ ತಿರುವಿದರು, ಯಾರು ಕೃಷಿಯ ಮಾತು ಮುಗಿಯುವ ತನಕ ಕುಳಿತಿದ್ದರು ಎಂಬುದು ನಿಲಯದವರಿಗೆ ತಿಳಿಯುವ ಬಗೆಯೇ ಇಲ್ಲ. ನೀವಾಗಿ ಕಾಗದ ಬರೆದು ತಿಳಿಸಿದರುಂಟು. ರೇಡಿಯೋ ಅಲೆ ಒಮ್ಮುಖವಾದ ದಾರಿ. ಕೊಡುವವನಿಗೆ ಕೊಳ್ಳುವವನ ಮುಖ ಕಾಣದು.

ಜಾಲತಾಣದ ವ್ಯವಹಾರ ಹಾಗಲ್ಲ. ನಿಮ್ಮ ಯಂತ್ರ ಕೇಳಿದ ಹೊರತು ಅಲ್ಲಿಂದ ಒಂದು ಪುಟವೂ ಬರುವುದಿಲ್ಲ. ಕೇಳುವಾಗ ತನ್ನ ವಿಳಾಸವನ್ನೂ ಹೇಳಲೇಬೇಕು; ಇಲ್ಲವಾದರೆ ಉತ್ತರ ಬರುವುದಾದರೂ ಎಲ್ಲಿಗೆ? ಇಂದು ರೇಡಿಯೋ ಇರುವ ಮನೆಯಲ್ಲಿ ಮೊಬೈಲು ಫೋನೂ ಇದೆ. ವಿದ್ಯುತ್ತಿನ ಹಣ ಕಟ್ಟುವುದು, ರೈಲಿನ ಟಿಕೆಟು ಕೊಳ್ಳುವುದು, ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡುವುದು ಎಲ್ಲವೂ ಅದರಲ್ಲಿಯೇ. ಪುಟ ತೆರೆದೊಡನೆ ಕೆಳಗಿನಿಂದ ಒಂದು ಫಲಕ ಮೇಲೇಳುತ್ತದೆ: ಈ ತಾಣ ಕುಕಿಗಳನ್ನು ಬಳಸುತ್ತದೆ, ಒಪ್ಪಿಗೆಯೆ? ಫಲಕ ತೊಲಗಿದರೆ ಸಾಕೆಂದು ನಮ್ಮಲ್ಲಿ ಬಹುಮಂದಿ ಒಪ್ಪಿಗೆಯ ಗುಂಡಿಯನ್ನೊತ್ತುತ್ತೇವೆ. ಓದದ ಪತ್ರಕ್ಕೆ ರುಜು ಹಾಕಬಾರದೆಂದು ಮಕ್ಕಳಿಗೆ ಹೇಳುವವರು ನಾವೇ. ಹಾಗಾದರೆ ದಿನಕ್ಕೆ ಹತ್ತು ಬಾರಿ ನಾವು ರುಜು ಹಾಕುತ್ತಿರುವ ಈ ಪತ್ರ ಯಾವುದು? ಅದನ್ನು ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಕುಕಿ ಏಕೆ ಹುಟ್ಟಿತೆಂಬುದನ್ನು ನೋಡೋಣ. ಇಂದಿನ ಜಾಲವನ್ನು ೧೯೮೯ರಲ್ಲಿ ಕಲ್ಪಿಸಿದವರು ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು. ಪುಟ ಕೇಳುವುದಕ್ಕೂ ಕೊಡುವುದಕ್ಕೂ ಅವರು ಇಟ್ಟ ಕ್ರಮ ಬಹು ಸರಳ: ಕೇಳು, ಕೊಡು, ಮರೆತುಬಿಡು. ಪ್ರತಿಯೊಂದು ಕೋರಿಕೆಯೂ ಹೊಸದೇ. ವಿದ್ವಾಂಸರು ತಮ್ಮ ಪ್ರಬಂಧಗಳನ್ನು ಓದಿಕೊಳ್ಳುವುದಕ್ಕೆ ಈ ಮರೆವಿನಿಂದ ಯಾವ ತೊಂದರೆಯೂ ಇರಲಿಲ್ಲ.

ಅಂಗಡಿ ಇಡಬೇಕೆಂದಾಗ ಮಾತ್ರ ಪೇಚಾಟ ಮೊದಲಾಯಿತು. ನೀವು ಒಂದು ಸೇರು ತೊಗರಿಬೇಳೆ ಕಟ್ಟಿಸಿ, ಬೆಲ್ಲ ಕೊಡಿ ಎಂದು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವನು, “ತಾವು ಯಾರು? ಈಗ ತಾನೆ ಬಂದಿರಾ?” ಎಂದು ಕೇಳಿದರೆ ವ್ಯಾಪಾರ ನಡೆದೀತೆ? ಕಟ್ಟಿಸಿದ ಬೇಳೆಯ ಲೆಕ್ಕ ಯಾರ ಹೆಸರಿನಲ್ಲಿರಬೇಕು?

೧೯೯೪ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬ ತರುಣರು ಇದಕ್ಕೆ ಉಪಾಯ ಕಂಡರು. ಜಾಲದಲ್ಲಿ ಅಂಗಡಿ ಕಟ್ಟಬೇಕೆಂದಿದ್ದ ಗಿರಾಕಿಯೊಬ್ಬರು, ಗ್ರಾಹಕರ ಅರ್ಧಂಬರ್ಧ ವ್ಯವಹಾರದ ಲೆಕ್ಕವೆಲ್ಲ ತಮ್ಮ ಯಂತ್ರಗಳಲ್ಲಿಯೇ ಇರುವುದು ಬೇಡವೆಂದಿದ್ದರು. ಲೆಕ್ಕದ ಚೀಟಿಯನ್ನು ಗ್ರಾಹಕನ ಕೈಯಲ್ಲಿಯೇ ಕೊಟ್ಟುಬಿಟ್ಟರಾಯಿತು ಎಂಬುದು ಮಾಂಟುಲಿಯವರ ಯುಕ್ತಿ. ಕುಕಿ ಎಂದರೆ ಅಮೆರಿಕದವರ ಮಾತಿನಲ್ಲಿ ಸಿಹಿ ಬಿಸ್ಕತ್ತು. ಒಂದು ಕಾರ್ಯಕ್ರಮ ಇನ್ನೊಂದಕ್ಕೆ ಕೊಟ್ಟು, ಬದಲಾವಣೆಯಿಲ್ಲದೆ ಮರಳಿ ಪಡೆಯುವ ಪುಟ್ಟ ಗುರುತನ್ನು ಯೂನಿಕ್ಸ್ ಬಲ್ಲ ಕಂಪ್ಯೂಟರು ತಜ್ಞರು ಮೊದಲಿನಿಂದಲೂ ‘ಮ್ಯಾಜಿಕ್ ಕುಕಿ’ ಎನ್ನುತ್ತಿದ್ದರು. ಹೆಸರು ಅಲ್ಲಿಂದ ಬಂತು.

ನಮಗೆ ಬಿಸ್ಕತ್ತಿಗಿಂತ ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕೊಡುವ ಬಿಲ್ಲೆಯ ಉಪಮಾನವೇ ಚೆನ್ನಾಗಿ ಹೊಂದುತ್ತದೆ. ಬಿಲ್ಲೆಯ ಮೇಲೆ ೪೭ ಎಂಬ ಅಂಕಿಯೊಂದುಳಿದು ಬೇರೇನೂ ಇಲ್ಲ. ನಿಮ್ಮ ಹೆಸರಿಲ್ಲ, ಊರಿಲ್ಲ. ಆದರೆ ಅದನ್ನು ಹಿಂದಿರುಗಿಸಿದೊಡನೆ ಕಾವಲಿನವನು ೪೭ನೆಯ ಗೂಡಿಗೆ ಕೈ ಹಾಕುತ್ತಾನೆ. ಅರ್ಥವಿರುವುದು ಬಿಲ್ಲೆಯಲ್ಲಲ್ಲ, ಅವನ ಗೂಡಿನಲ್ಲಿ. ಕುಕಿಯೂ ಹೀಗೆಯೇ. ಮೊದಲ ಪುಟದೊಡನೆ ತಾಣವು ಒಂದು ಸಾಲಿನ ಬರೆಹವನ್ನು ಕಳಿಸುತ್ತದೆ. ಅದರಲ್ಲಿ ಒಂದು ಹೆಸರು, ಒಂದು ಅಂಕಿ ಅಥವಾ ಅಕ್ಷರಮಾಲೆ. ನಿಮ್ಮ ಬ್ರೌಸರು, ಎಂದರೆ ಪುಟ ತೋರಿಸುವ ತಂತ್ರಾಂಶ, ಅದನ್ನು ಬರೆದಿಟ್ಟುಕೊಂಡು, ಆ ತಾಣಕ್ಕೆ ಹೋದಾಗಲೆಲ್ಲ ತಾನಾಗಿಯೇ ಒಪ್ಪಿಸುತ್ತದೆ. ಒಂದು ಕುಕಿಯ ಗಾತ್ರ ಸುಮಾರು ೪,೦೯೬ ಅಕ್ಷರಗಳನ್ನು ಮೀರದು. ಕೊಟ್ಟ ತಾಣಕ್ಕಲ್ಲದೆ ಬೇರೆ ತಾಣಕ್ಕೆ ಅದನ್ನು ತೋರಿಸಕೂಡದೆಂಬುದು ಮೂಲನಿಯಮ. ಚಾಮುಂಡಿ ಬೆಟ್ಟದ ಬಿಲ್ಲೆಯನ್ನು ನಂಜನಗೂಡಿನಲ್ಲಿ ಯಾರೂ ಕೇಳುವುದಿಲ್ಲವಷ್ಟೆ.

ಕೆಲವು ಬಿಲ್ಲೆಗಳ ಆಯುಸ್ಸು ನೀವು ಬ್ರೌಸರನ್ನು ಮುಚ್ಚುವ ತನಕ. ಮತ್ತೆ ಕೆಲವಕ್ಕೆ ಗಡುವಿನ ದಿನವನ್ನು ಬರೆದಿರುತ್ತದೆ; ಕ್ರೋಮ್ ಬ್ರೌಸರು ೨೦೨೨ರಿಂದ ಈಚೆಗೆ ಆ ಗಡುವು ೪೦೦ ದಿನಗಳನ್ನು ಮೀರದಂತೆ ಮಿತಿ ಹಾಕಿದೆ. ಕುಕಿಯೆಂದರೆ ರೋಗಾಣುವಿನಂತಹ ವೈರಸ್ ಎಂದು ಹೆದರುವವರೂ ಉಂಟು. ಆ ಭಯಕ್ಕೆ ಆಧಾರವಿಲ್ಲ. ಅದು ಬರಿಯ ಬರೆಹ. ತಾನಾಗಿ ಓಡಲಾರದು, ನಿಮ್ಮ ಫೋಟೋಗಳನ್ನು ತೆರೆಯಲಾರದು, ಕಾಗದಪತ್ರಗಳನ್ನು ಓದಲಾರದು. ಅದರಿಂದ ಉಪಕಾರವೂ ಇದೆ. ಕನ್ನಡದಲ್ಲಿ ಪುಟ ಬೇಕೆಂದು ಒಮ್ಮೆ ಆರಿಸಿದರೆ ಮರುದಿನವೂ ಕನ್ನಡವೇ ಬರುವುದು, ಆರಿಸಿಟ್ಟ ಸಾಮಾನು ಚೀಲದಲ್ಲಿಯೇ ಉಳಿಯುವುದು, ಪುಟಪುಟಕ್ಕೂ ಗುಪ್ತಪದ ಕೇಳದಿರುವುದು, ಎಲ್ಲವೂ ಅದರ ಕೆಲಸವೇ.

ಆದರೂ ಎಚ್ಚರವಾಗಿರಬೇಕಾದ ಸಂಗತಿಗಳು ಎರಡುಂಟು. ಮೊದಲನೆಯದು, ಕಾವಲಿನವನು ಬಿಲ್ಲೆಯನ್ನು ನೋಡುತ್ತಾನೆಯೇ ಹೊರತು ಮುಖವನ್ನಲ್ಲ ಎಂಬುದು. ನೀವು ಗುಪ್ತಪದ ಕೊಟ್ಟು, ಓಟಿಪಿ ಕೊಟ್ಟು ಒಳಹೊಕ್ಕ ಮೇಲೆ ತಾಣವು ನಿಮ್ಮನ್ನು ಗುರುತಿಸುವುದು ಕುಕಿಯಿಂದಲೇ. ಅದು ಯಾರ ಕೈಯಲ್ಲಿದ್ದರೆ ಅವರೇ ನೀವು. ಕಳ್ಳ ತಂತ್ರಾಂಶವೊಂದು ಯಂತ್ರಕ್ಕೆ ನುಗ್ಗಿ ಆ ಬರೆಹವನ್ನು ನಕಲು ಮಾಡಿಕೊಂಡರೆ, ಕಳ್ಳನಿಗೆ ಎಷ್ಟೋ ವೇಳೆ ಗುಪ್ತಪದದ ಅಗತ್ಯವೇ ಬೀಳುವುದಿಲ್ಲ. ಅಷ್ಟು ದೂರವೇಕೆ? ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮಕ್ಕಳು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುತ್ತಾರೆ. ಕೆಲಸ ಮುಗಿದೊಡನೆ ಕಿಟಕಿಯನ್ನು ಮುಚ್ಚಿ ಎದ್ದುಬರುತ್ತಾರೆ. ಬಿಲ್ಲೆ ಅಲ್ಲಿಯೇ ಉಳಿದಿರಬಹುದು. ಮುಂದೆ ಕುಳಿತವನು ಅವರ ಖಾತೆಗೇ ಕಾಲಿಡಬಹುದು. ‘ಲಾಗ್ ಔಟ್’ ಎಂಬ ಗುಂಡಿಯನ್ನೊತ್ತಿದರೆ ಬಿಲ್ಲೆಯನ್ನು ಒಪ್ಪಿಸಿ ಬಂದಂತೆ. ಇದನ್ನು ಮನೆಯ ಮಕ್ಕಳಿಗೆ ಈ ದಿನವೇ ಹೇಳಿಕೊಡಿ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ನೀವು ನೋಡುವ ಪುಟ ಒಂದೇ ಮನೆಯ ಅಡಿಗೆಯಲ್ಲ. ಸುದ್ದಿ ಪತ್ರಿಕೆಯ ತಾಣದಿಂದ ಬಂದರೆ, ಅದರ ಬದಿಯ ಜಾಹೀರಾತು ಮತ್ತೊಂದು ಕಂಪನಿಯ ಯಂತ್ರದಿಂದ ಬರುತ್ತದೆ. ಆ ಚಿತ್ರವನ್ನು ತರಲು ನಿಮ್ಮ ಬ್ರೌಸರು ಅಲ್ಲಿಗೂ ಹೋಗಿ ಕೇಳಬೇಕು. ಕೇಳಿದಾಗ ಆ ಕಂಪನಿಯೂ ತನ್ನದೊಂದು ಬಿಲ್ಲೆಯನ್ನು ಕೊಡುತ್ತದೆ. ನೀವು ಹೋದದ್ದು ಒಂದು ಮನೆಗೆ, ಬಿಲ್ಲೆ ಕೊಟ್ಟವನು ಬೀದಿಯಲ್ಲಿ ನಿಂತ ಮೂರನೆಯವನು. ಇದಕ್ಕೆ ಮೂರನೆಯ ಪಕ್ಷದ ಕುಕಿ ಎಂದು ಹೆಸರು.

ಆ ಮೂರನೆಯವನು ಒಂದೇ ಬೀದಿಯಲ್ಲಿ ನಿಂತಿಲ್ಲ. ಸಾವಿರಾರು ತಾಣಗಳ ಬಾಗಿಲಲ್ಲಿಯೂ ನಿಂತಿದ್ದಾನೆ. ಬೆಳಗ್ಗೆ ನೀವು ಒಂದು ಅಂಗಡಿಯ ತಾಣದಲ್ಲಿ ಗ್ರೈಂಡರಿನ ಬೆಲೆ ನೋಡಿದಿರಿ. ಮಧ್ಯಾಹ್ನ ಪತ್ರಿಕೆ ಓದಿದಿರಿ. ಸಂಜೆ ಮಧುಮೇಹದ ಲಕ್ಷಣಗಳೇನೆಂದು ಹುಡುಕಿದಿರಿ. ಮೂರು ಕಡೆಯೂ ಅವನದೇ ಜಾಹೀರಾತಿದ್ದರೆ, ಮೂರು ಕಡೆಯೂ ಅವನು ಕಂಡದ್ದು ಅದೇ ೪೭ನೆಯ ಬಿಲ್ಲೆಯನ್ನು. ನಿಮ್ಮ ಹೆಸರು ಅವನಿಗೆ ತಿಳಿಯದಿರಬಹುದು. ಆದರೆ ೪೭ಕ್ಕೆ ಗ್ರೈಂಡರು ಬೇಕಾಗಿದೆ, ೪೭ಕ್ಕೆ ಸಕ್ಕರೆ ರೋಗದ ಚಿಂತೆ ಹತ್ತಿದೆ ಎಂಬುದು ತಿಳಿಯಿತು. ಎಲ್ಲಿಯಾದರೂ ಒಂದು ಕಡೆ ನೀವು ಹೆಸರನ್ನೋ ಇಮೇಲ್ ವಿಳಾಸವನ್ನೋ ಕೊಟ್ಟು, ಅದು ಈ ಬಿಲ್ಲೆಯೊಡನೆ ಕೂಡಿಕೊಂಡಿತೆಂದರೆ ೪೭ಕ್ಕೆ ಮುಖವೂ ಬಂತು. ಒಮ್ಮೆ ನೋಡಿದ ಗ್ರೈಂಡರು ಹೋದ ಹೋದ ಪುಟದಲ್ಲೆಲ್ಲ ಎದುರಾಗುವ ಗುಟ್ಟು ಇದು. ಕೊಟ್ಟವನಿಗೆ ಮಾತ್ರ ತೋರಿಸಬೇಕೆಂಬ ನಿಯಮ ಇಲ್ಲಿ ಮುರಿಯಲಿಲ್ಲ, ನಿಜ. ಅಕ್ಷರ ಉಳಿಯಿತು, ಅರ್ಥ ಹೋಯಿತು.

ಈ ಕುಕಿಗಳ ವಿಚಾರ ಸಾಮಾನ್ಯ ಜನರಿಗೆ ತಿಳಿದುಬಂದದ್ದು ೧೯೯೬ರ ಫೆಬ್ರವರಿಯಲ್ಲಿ, ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಬರೆದ ಮೇಲೆ. ಅದೇ ವರ್ಷವೂ ಮರುವರ್ಷವೂ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಬಗ್ಗೆ ವಿಚಾರಣೆ ನಡೆಸಿತು. ೧೯೯೭ರಲ್ಲಿ ತಜ್ಞರು ಹೊರಡಿಸಿದ ಮೊದಲ ಕ್ರಮಪತ್ರವು, ಬಳಕೆದಾರನು ತಾನಾಗಿ ಬೇಕೆಂದ ಹೊರತು ಮೂರನೆಯ ಪಕ್ಷದ ಕುಕಿಗಳಿಗೆ ಎಡೆಗೊಡಬಾರದೆಂದೇ ಹೇಳಿತ್ತು. ಅಂದಿನ ದೊಡ್ಡ ಬ್ರೌಸರುಗಳು ಅದನ್ನು ಪಾಲಿಸಲಿಲ್ಲ. ಜಾಹೀರಾತಿನ ಹಣ ಆ ವೇಳೆಗೆ ಹರಿಯತೊಡಗಿತ್ತು.

ಕಾನೂನು ಮೊದಲು ಗಟ್ಟಿಯಾದುದು ಯೂರೋಪಿನಲ್ಲಿ. ೨೦೦೨ರ ಆಜ್ಞೆಯನ್ನು ೨೦೦೯ರಲ್ಲಿ ತಿದ್ದಿ, ಅಗತ್ಯವಲ್ಲದ ಕುಕಿಯನ್ನು ಇಡುವ ಮುನ್ನ ಒಪ್ಪಿಗೆ ಪಡೆಯಬೇಕೆಂದು ವಿಧಿಸಿದರು. ೨೦೧೮ರ ಮೇ ೨೫ರಂದು ಇನ್ನೂ ಬಿಗಿಯಾದ ಜಿ.ಡಿ.ಪಿ.ಆರ್. ಶಾಸನ ಜಾರಿಗೆ ಬಂತು. ಪುಟದ ಕೆಳಗೆ ಏಳುವ ಫಲಕಗಳಿಗೆ ಮೂಲ ಇಲ್ಲಿದೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ನಾಣ್ಣುಡಿ ನಮ್ಮಲ್ಲುಂಟಷ್ಟೆ. ಯೂರೋಪಿನ ನ್ಯಾಯಾಲಯವು ೨೦೧೯ರ ಅಕ್ಟೋಬರ್ ೧ರಂದು ಅದಕ್ಕೆ ನೇರ ವಿರುದ್ಧವಾದ ತೀರ್ಪಿತ್ತಿತು: ತಾಣದವರೇ ಮೊದಲು ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರನು ಸುಮ್ಮನೆ ಬಿಟ್ಟನೆಂದ ಮಾತ್ರಕ್ಕೆ ಅದು ಒಪ್ಪಿಗೆಯಾಗದು. ಒಪ್ಪುವುದು ಒಂದೇ ಒತ್ತಿಗೆ, ನಿರಾಕರಿಸುವುದಕ್ಕೆ ಹಲವು ಮೆಟ್ಟಿಲು ಎಂಬ ಏರ್ಪಾಡಿಗಾಗಿ ಫ್ರಾನ್ಸಿನ ಅಧಿಕಾರ ಮಂಡಲಿಯು ಗೂಗಲ್ ಸಂಸ್ಥೆಗೆ ೧೫ ಕೋಟಿ ಯೂರೋ, ಫೇಸ್‌ಬುಕ್‌ಗೆ ೬ ಕೋಟಿ ಯೂರೋ ದಂಡ ವಿಧಿಸಿದುದನ್ನು ೨೦೨೨ರ ಜನವರಿಯಲ್ಲಿ ಪ್ರಕಟಿಸಿತು.

ಬ್ರೌಸರುಗಳಲ್ಲಿಯೂ ಮಾರ್ಪಾಡಾಗಿದೆ. ಆಪಲ್‌ನ ಸಫಾರಿ ೨೦೨೦ರಿಂದ ಮೂರನೆಯವರ ಬಿಲ್ಲೆಗಳನ್ನು ತಾನಾಗಿಯೇ ತಡೆಯುತ್ತದೆ. ಫೈರ್‌ಫಾಕ್ಸ್ ೨೦೨೨ರಿಂದ ಪ್ರತಿಯೊಂದು ತಾಣದ ಬಿಲ್ಲೆಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಡುತ್ತದೆ. ಗೂಗಲ್‌ನವರು ತಮ್ಮ ಕ್ರೋಮಿನಲ್ಲಿಯೂ ಇವುಗಳನ್ನು ನಿಲ್ಲಿಸುವುದಾಗಿ ೨೦೨೦ರಲ್ಲಿ ಸಾರಿ, ಗಡುವನ್ನು ಮುಂದಕ್ಕೆ ಹಾಕುತ್ತ ಬಂದು, ೨೦೨೪ರ ಜುಲೈನಲ್ಲಿ ಆ ಸಂಕಲ್ಪವನ್ನೇ ಕೈಬಿಟ್ಟರು. ಆದ್ದರಿಂದ ಕ್ರೋಮ್ ಬಳಸುವವರು ತಡೆಯ ಏರ್ಪಾಡನ್ನು ತಾವೇ ಮಾಡಿಕೊಳ್ಳಬೇಕು.

ನಮ್ಮ ದೇಶದ ಮಾತಿಗೆ ಬರೋಣ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ತೀರ್ಪಿತ್ತದ್ದು ೨೦೧೭ರ ಆಗಸ್ಟ್ ೨೪ರಂದು. ಆ ಮೊಕದ್ದಮೆಗೆ ತಮ್ಮ ಹೆಸರನ್ನು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅನಂತರ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಶಾಸನವಾಯಿತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ವಿಧಿಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿಯನ್ನು ಗೊತ್ತುಮಾಡಲಾಯಿತು. ಒಪ್ಪಿಗೆ ಸ್ವತಂತ್ರವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಎಂದು ಆ ಶಾಸನ ಹೇಳುತ್ತದೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದೂ ವಿಧಿಸಿದೆ. ಕನ್ನಡ ಆ ಇಪ್ಪತ್ತೆರಡು ಭಾಷೆಗಳಲ್ಲೊಂದು. ಹದಿನೆಂಟು ವರ್ಷ ತುಂಬದ ಮಕ್ಕಳ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಅದು ಸಾಮಾನ್ಯವಾಗಿ ನಿಷೇಧಿಸುತ್ತದೆ. ತಮಗೆ ತಿಳಿಯದ ಭಾಷೆಯ ಫಲಕಕ್ಕೆ ಗುಂಡಿಯೊತ್ತುವ ತಾಯಂದಿರಿಗೂ ಅಜ್ಜಂದಿರಿಗೂ ಇದು ಚಿಕ್ಕ ವಿಷಯವಲ್ಲ.

ಇನ್ನು ಮನೆಯಲ್ಲಿ ಮಾಡಬೇಕಾದುದು ಅಲ್ಪವೇ. ಫಲಕ ಎದ್ದಾಗ ಅರ್ಧ ನಿಮಿಷ ನಿಂತು ನೋಡಿರಿ. ‘ಅಗತ್ಯವಾದುವು ಮಾತ್ರ’ ಎಂದೋ ‘ನಿರಾಕರಿಸು’ ಎಂದೋ ಗುಂಡಿಯಿದ್ದರೆ ಅದನ್ನೊತ್ತಿರಿ; ಸಾಮಾನ್ಯವಾಗಿ ಪುಟ ಆಗಲೂ ತೆರೆಯುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್ ಎಂಬಲ್ಲಿ ಖಾಸಗಿತನದ ವಿಭಾಗಕ್ಕೆ ಹೋಗಿ, ಮೂರನೆಯ ಪಕ್ಷದ ಕುಕಿಗಳನ್ನು ತಡೆಯುವ ಆಯ್ಕೆಯನ್ನು ಹಾಕಿರಿ. ಆಗಾಗ ಹಳೆಯ ಕುಕಿಗಳನ್ನು ಅಳಿಸಿಬಿಡಿ. ಅಳಿಸಿದ ಮೇಲೆ ತಾಣಗಳಿಗೆ ಮತ್ತೊಮ್ಮೆ ಗುಪ್ತಪದ ಕೊಡಬೇಕಾಗುತ್ತದೆ, ಅಷ್ಟೆ. ಪರರ ಯಂತ್ರದಲ್ಲಿ ಕೆಲಸ ಮಾಡುವಾಗ ‘ಇನ್‌ಕಾಗ್ನಿಟೊ’ ಎಂಬ ಖಾಸಗಿ ಕಿಟಕಿಯನ್ನು ತೆರೆದುಕೊಂಡರೆ, ಅದನ್ನು ಮುಚ್ಚಿದೊಡನೆ ಅಲ್ಲಿನ ಕುಕಿಗಳು ಅಳಿದುಹೋಗುತ್ತವೆ. ಇಷ್ಟು ಮಾಡಿದರೆ ಜಾಲದಲ್ಲಿ ಅದೃಶ್ಯರಾದೆವೆಂದು ಭಾವಿಸಬಾರದು. ಯಂತ್ರದ ಲಕ್ಷಣಗಳನ್ನೇ ಬೆರಳಚ್ಚಿನಂತೆ ಕೂಡಿಸಿ ಗುರುತು ಹಿಡಿಯುವ ವಿದ್ಯೆಯೂ ಬೆಳೆದಿದೆ. ಹೆಸರು ಕೊಟ್ಟು ಒಳಹೊಕ್ಕ ಖಾತೆಗೆ ನಮ್ಮ ಗುರುತು ತಿಳಿದೇ ಇದೆ. ಕದಕ್ಕೆ ಅಗುಳಿ ಹಾಕಿದರೆ ಎಲ್ಲ ಕಳ್ಳರೂ ತಪ್ಪಿದರೆಂದಲ್ಲ. ಹಾಗೆಂದು ಅಗುಳಿ ಹಾಕದೆ ಮಲಗುವವರೂ ಇಲ್ಲ.

‘ಸಮ್ಮತಿ’ ಎಂಬ ಶಬ್ದವನ್ನು ಬಿಡಿಸಿದರೆ ಅದರೊಳಗೆ ‘ಮತಿ’ ಇದೆ. ಮತಿಯೆಂದರೆ ಬುದ್ಧಿ, ಆಲೋಚನೆ. ಆಲೋಚಿಸದೆ ಒತ್ತಿದ ಗುಂಡಿಗೆ ಕಂಪನಿಯವರು ಒಪ್ಪಿಗೆಯೆಂದು ಹೆಸರಿಡಬಹುದು. ಶಬ್ದಾರ್ಥ ಬಲ್ಲವರು ಹಾಗೆನ್ನಲಾರರು. ಮುಂದಿನ ಬಾರಿ ಫಲಕ ಎದ್ದಾಗ ಗುಂಡಿಗೆ ಮೊದಲು ಮತಿಯನ್ನು ಕೊಡಿರಿ.