ಸ್ಟೆಪ್ನಿಯ ಮಳೆಗಾಲ

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಮಾರ್ಗದಲ್ಲಿ ಸಿದ್ಧಕಟ್ಟೆಯ ಪೇಟೆಯನ್ನು ಹಾದುಹೋಗುವವರು ಹೋಟೆಲನ್ನೋ ಅಡಿಕೆ ಅಂಗಡಿಯನ್ನೋ ಗಮನಿಸಿದಷ್ಟು ಆದರದಿಂದ ಪಂಕ್ಚರ್ ಅಂಗಡಿಯನ್ನು ಗಮನಿಸುವುದಿಲ್ಲ. ಗಾಡಿಯ ಗಾಳಿ ಇಳಿದಾಗಲಷ್ಟೇ ಅದರ ಅಸ್ತಿತ್ವ ನಮಗೆ ಗೋಚರವಾಗುವುದು. ತೇಪೆ ಹಚ್ಚುವುದು ಆ ವಿದ್ಯೆಯ ಪೂರ್ವಾರ್ಧ ಮಾತ್ರ. ಈಗ ಬೇಡವಾಗಿ ಮುಂದೆ ಬೇಕಾಗುವ ಟೈರನ್ನು ಕೆಡದಂತೆ ಕಾಪಿಡುವ ಉತ್ತರಾರ್ಧವೊಂದುಂಟು. ಕೇಳಿದವರಿಗೆ ಮಾತ್ರ ಅಂಗಡಿಯವರು ಅದನ್ನು ಹೇಳಿಕೊಡುವರು.

ಹೆಚ್ಚುವರಿ ಚಕ್ರಕ್ಕೆ ಜೀಪಿನವರೂ ರಿಕ್ಷಾದವರೂ ಏಕಕಂಠದಿಂದ ‘ಸ್ಟೆಪ್ನಿ’ ಎನ್ನುತ್ತಾರೆ. ವೇಲ್ಸ್ ದೇಶದ ಲನೆಲ್ಲಿ ಪಟ್ಟಣದಲ್ಲಿ ಸ್ಟೆಪ್ನಿ ಎಂಬ ಬೀದಿಯೊಂದಿದ್ದು, 1904ರಲ್ಲಿ ಅಲ್ಲಿಯ ಡೇವಿಸ್ ಸಹೋದರರು, ಕಡ್ಡಿಗಳಿಲ್ಲದ ರಿಮ್ಮಿಗೆ ಟೈರು ತೊಡಿಸಿ ಅದನ್ನು ಕೆಟ್ಟ ಚಕ್ರದ ಪಕ್ಕಕ್ಕೆ ಬಿಗಿಯುವ ಉಪಾಯವನ್ನು ಕಂಡುಹಿಡಿದರು. ಆ ಉಪಕರಣ ಎಂದೋ ಕಣ್ಮರೆಯಾಯಿತು. ಬೀದಿಯ ಹೆಸರು ಮಾತ್ರ ಸಮುದ್ರ ದಾಟಿ ಬಂದು ತುಳುನಾಡಿನಲ್ಲಿ ಮನೆಮಾತಾಗಿ ನೆಲೆಸಿತು.

ಕಾಪಿಡುವ ಕಲೆ ನಮ್ಮವರಿಗೆ ಹೊಸತಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ, ಬಿತ್ತನೆಯ ಭತ್ತವನ್ನು ಬೈಹುಲ್ಲಿನಲ್ಲಿ ಸುತ್ತಿ ಹಗ್ಗದಿಂದ ಬಿಗಿದು ದುಂಡಾದ ಮುಡಿ ಕಟ್ಟಿ, ನೆಲದ ತೇವ ತಾಗದಂತೆ ಮೇಲಿರಿಸಿ, ಮುಂದಿನ ಬಿತ್ತನೆಯವರೆಗೆ ಮೊಳಕೆಯ ಶಕ್ತಿಯನ್ನು ಉಳಿಸಿಕೊಂಡ ಜನರಿವರು. ಆದರೆ ಭತ್ತಕ್ಕೆ ತೋರಿದ ಈ ಶ್ರದ್ಧೆಯ ಷೋಡಶಾಂಶವನ್ನೂ ನಾವು ಟೈರಿಗೆ ತೋರುವುದಿಲ್ಲ. ರಬ್ಬರಿಗೆ ಮುಪ್ಪೇ ಇಲ್ಲವೆಂಬ ಭ್ರಾಂತಿ ಇದಕ್ಕೆ ಕಾರಣವಿರಬೇಕು.

ಈ ಭ್ರಾಂತಿ ನನಗೂ ಇದ್ದಿತು. ಹೆಚ್ಚು ಸವೆಯದ ಎರಡು ಟೈರುಗಳನ್ನು ತೋಟದ ಪಂಪಿನ ಕೊಟ್ಟಿಗೆಯ ಹೊರಗೆ, ಪಡುವಣ ಬಿಸಿಲು ನೇರವಾಗಿ ಬೀಳುವ ಗೋಡೆಗೆ ಒರಗಿಸಿ, ಮೂರು ಬೇಸಗೆ ಮರೆತಿದ್ದೆ. ಕೊನೆಗೆ ಅಂಗಡಿಗೊಯ್ದಾಗ, ಅಂಗಡಿಯಾತ ಒಂದರ ಪಾರ್ಶ್ವವನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿದ. ಅಖಂಡವಾಗಿ ಕಾಣುತ್ತಿದ್ದ ಕರಿಯ ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳುಗಳು ಸಾಲಾಗಿ ಬಾಯ್ದೆರೆದವು, ಬೆರಳು ತೆಗೆದೊಡನೆ ಮುಚ್ಚಿಕೊಂಡವು. “ಬಟನ್ ಪೂರ್ತಿ ಉಂಟು, ಜೀವ ಇಲ್ಲ ಮಾರಾಯ್ರೆ,” ಎಂದ, ಟೈರಿನ ಸವೆಯದ ಉಬ್ಬು ಅಚ್ಚನ್ನು ತೋರಿಸುತ್ತ. ಬಿಸಿಲಿನೊಡನೆ ಗಾಳಿಯಲ್ಲಿರುವ ಓಝೋನ್ ಸೇರಿ ರಬ್ಬರಿನ ಕಣಗಳ ಬಂಧವನ್ನು ಕಡಿಯುವುದರ ಪರಿಣಾಮವಿದು. ವೆಲ್ಡಿಂಗಿನ ಕಿಡಿ ಹಾರುವೆಡೆಯಲ್ಲಿ ಆ ಅನಿಲ ಇನ್ನೂ ಅಧಿಕ. ಪಾರ್ಶ್ವದ ಮೇಲಿನ ನಾಲ್ಕಂಕಿಗಳನ್ನು ಓದುವುದನ್ನೂ ಅಂದೇ ಕಲಿತೆ: 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ ಟೈರು. ಹತ್ತು ವರ್ಷ ಮೀರಿದುದನ್ನು, ಅದು ಒಮ್ಮೆಯೂ ಓಡದ ಸ್ಟೆಪ್ನಿಯೇ ಆಗಿದ್ದರೂ, ಬದಲಿಸಬೇಕೆಂದು ತಯಾರಕರಲ್ಲಿ ಅನೇಕರ ಅಭಿಮತ.

ವಿಧಾನವೇನೂ ಕಷ್ಟದ್ದಲ್ಲ. ಸಾಬೂನಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ತೇವ ಲೇಶವೂ ಉಳಿಯದಂತೆ ಆರಿಸಿ, ಕರಿಯ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಡೀಸೆಲ್ ಡಬ್ಬಿ, ಗ್ರೀಸುಗಳ ಸಹವಾಸವಿಲ್ಲದ ಕತ್ತಲ ಮೂಲೆಯಲ್ಲಿ ಹಲಗೆಯ ಮೇಲಿರಿಸುವುದು. ಹೊಳಪಿಗೆಂದು ಪೆಟ್ರೋಲಿನಿಂದ ಒರಸುವ ಚಪಲ ಮಾತ್ರ ಬೇಡ. ರಿಮ್ಮು ಸಹಿತವಾದುದನ್ನು ತೂಗುಹಾಕಬಹುದು, ಇಲ್ಲವೇ ಗಾಳಿ ತಗ್ಗಿಸಿ ಒಂದರ ಮೇಲೊಂದು ಮಲಗಿಸಬಹುದು. ರಿಮ್ಮಿಲ್ಲದ ಬರಿ ಟೈರನ್ನು ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ಆಕಾರಗೆಡುವುದರಿಂದ, ಅದನ್ನು ನಿಲ್ಲಿಸಿಯೇ ಇಡತಕ್ಕದ್ದು.

ಇನ್ನು ಮಳೆಯ ಮಾತು. ಅಂಗಳದಲ್ಲಿ ಬಿದ್ದ ಟೈರಿನ ಹೊಟ್ಟೆಯಲ್ಲಿ ನಿಂತ ಬೊಗಸೆ ನೀರು ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಸೂತಿಕಾಗೃಹ. ಆದುದರಿಂದಲೇ ಮಳೆಗಾಲದಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆಯರ ದೃಷ್ಟಿ ಹಳೆಯ ಟೈರುಗಳನ್ನು ಅರಸುವುದು. ನೀರು ಚೆಲ್ಲಿದ ಮಾತ್ರಕ್ಕೆ ಕೆಲಸ ಮುಗಿಯದು. ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಸೋಕಿದೊಡನೆ ಒಡೆಯುವುವು. 1985ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕಾಣಿಸಿಕೊಂಡ ಏಷ್ಯದ ಹುಲಿಸೊಳ್ಳೆ ಹಡಗಿನಲ್ಲಿ ಬಂದ ಹಳೆಯ ಟೈರುಗಳೊಳಗೇ ಪ್ರಯಾಣಿಸಿತ್ತೆಂದು ವಿಜ್ಞಾನಿಗಳ ಮತ. ಆದುದರಿಂದ ಒಳಮೈಯನ್ನು ಬ್ರಷ್ಷಿನಿಂದ ಉಜ್ಜಿಯೇ ಒಳಗೊಯ್ಯುವುದು ಕ್ಷೇಮ.

ನಿಲ್ಲಿಸಿಟ್ಟ ಟೈರಿನ ಭಾರ ಒಂದೇ ಕಡೆ ಬೀಳದಂತೆ ತಿಂಗಳಿಗೊಮ್ಮೆ ಕಾಲು ಸುತ್ತು ಉರುಳಿಸಬೇಕು. ಇದನ್ನು ನೆನಪಿಡುವುದು ಹೇಗೆಂದು ಕೇಳಿದುದಕ್ಕೆ ಅಂಗಡಿಯಾತ ಪಾರ್ಶ್ವದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದುಕೊಟ್ಟು, “ಸಂಕ್ರಮಣಕ್ಕೊಮ್ಮೆ ತಿರುಗಿಸಿ,” ಎಂದ. ಈಗ ಆಟಿ ತಿಂಗಳು. ಗೆರೆ ಗೋಡೆಯ ಕಡೆಗಿದೆ.