ಖಾತೆ ಅಣ್ಣನ ಹೆಸರಿಗೆ, ಮನೆ ಯಾರದು?

ವೈಕುಂಠ ಸಮಾರಾಧನೆಯ ಊಟ ಮುಗಿದು, ನೆಂಟರೆಲ್ಲ ಹೊರಟ ಮೇಲೆ ಎಲೆ-ಅಡಿಕೆ ತಟ್ಟೆ ಎಳೆದುಕೊಂಡು ಹಿರಿಯರೊಬ್ಬರು ಮಾತು ತೆಗೆಯುತ್ತಾರೆ. “ಮೊದಲು ಖಾತೆ ದೊಡ್ಡವನ ಹೆಸರಿಗೆ ಮಾಡಿಸ್ಕೊಳ್ಳಿ, ಮಿಕ್ಕಿದ್ದು ಆಮೇಲೆ ನೋಡೋಣ.” ತಂಗಿಯ ಮುಂದೆ ಹಾಳೆಯೊಂದು ಬರುತ್ತದೆ. “ಬರೀ ಖಾತೆಗೆ ಕಣಮ್ಮ, ಒಂದು ಸೈನ್ ಹಾಕು.”

ಖಾತೆ ಯಾರದೋ ಮನೆ ಅವರದೇ ಎಂದು ಅಣ್ಣನೂ ನಂಬಿರುತ್ತಾನೆ, ತಂಗಿಯೂ ನಂಬಿರುತ್ತಾಳೆ. ಕಂದಾಯ ಯಾರಿಂದ ವಸೂಲು ಮಾಡಬೇಕೆಂದು ಪಾಲಿಕೆಯೋ ಪಂಚಾಯಿತಿಯೋ ಬರೆದಿಟ್ಟುಕೊಳ್ಳುವ ದಾಖಲೆ ಖಾತೆ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಯಾರ್ಜಿತ ಮನೆ ಆ ಗಳಿಗೆಗೇ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಇದ್ದರೆ ಅವರಿಗೂ ಸಮನಾಗಿ ಸೇರುತ್ತದೆ. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಲೆಕ್ಕ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ಕಾನೂನಿದೆ. ಅಮ್ಮ, ಮೂವರು ಮಕ್ಕಳಿದ್ದರೆ ತಲಾ ಕಾಲು ಭಾಗ. ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಟ್ಟರೂ ಅವಳ ಕಾಲು ಭಾಗ ಅಲ್ಲೇ ಇರುತ್ತದೆ.

“ಮದುವೆಗೇ ಅಷ್ಟು ಸುರಿದಿದ್ದೀವಲ್ಲ” ಎನ್ನುವವರಿದ್ದಾರೆ. ಛತ್ರದ ಬಾಡಿಗೆಯನ್ನು ಪಾಲಿನಲ್ಲಿ ಮುರಿದುಕೊಳ್ಳಲು ಕಾಯ್ದೆಯಲ್ಲಿ ಜಾಗವಿಲ್ಲ. ಆದರೆ “ಗಂಡುಮಕ್ಕಳು ವಾಸವಿರೋ ಮನೇಲಿ ಹೆಣ್ಣುಮಕ್ಕಳು ಭಾಗ ಕೇಳೋ ಹಾಗಿಲ್ಲ” ಎಂಬ ಮಾತು ಶುದ್ಧ ಸುಳ್ಳೇನಲ್ಲ. ಗಂಡುಮಕ್ಕಳು ತಾವಾಗಿ ಪಾಲಾಗುವ ತನಕ ಹೆಣ್ಣುಮಕ್ಕಳು ಕಾಯಬೇಕೆಂದು ಅದೇ ಕಾಯ್ದೆಯ 23ನೇ ಕಲಂ ಹೇಳುತ್ತಿತ್ತು. 2005ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಪಂಚಾಯಿತಿ ಕಟ್ಟೆಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹನ್ನೆರಡು ವರ್ಷ ಒಬ್ಬನೇ ವಾಸವಿದ್ದರೆ ಮನೆ ಅವನದಾಗುತ್ತದೆಯೇ? ಒಡಹುಟ್ಟಿದವರ ನಡುವೆ ಇಲ್ಲ. ಒಬ್ಬನ ಸ್ವಾಧೀನ ಎಲ್ಲರ ಪರವಾಗಿಯೂ ಎಂದೇ ಕಾನೂನು ನೋಡುತ್ತದೆ; ಉಳಿದವರ ಹಕ್ಕನ್ನು ಅವರಿಗೆ ತಿಳಿಯುವಂತೆ ಬಹಿರಂಗವಾಗಿ ಅಲ್ಲಗಳೆದಿದ್ದರೆ ಮಾತು ಬೇರೆ. ನಾಮಿನಿಯೂ ಹೀಗೆಯೇ, ಬ್ಯಾಂಕಿನ ಹಣವನ್ನು ವಾರಸುದಾರರ ಪರವಾಗಿ ಪಡೆದುಕೊಳ್ಳುವವನು ಅಷ್ಟೇ.

ಹೆಣ್ಣುಮಕ್ಕಳ ಕಡೆಯೂ ಒಂದು ತಪ್ಪು ತಿಳಿವಳಿಕೆಯಿದೆ: ಅಪ್ಪನದೆಲ್ಲ ಪಿತ್ರಾರ್ಜಿತ, ಉಯಿಲು ಬರೆದು ಒಬ್ಬರಿಗೇ ಕೊಡುವಂತಿಲ್ಲ. ಸಂಬಳದಲ್ಲಿ ಸೈಟು ಕೊಂಡು ಕಟ್ಟಿದ ಮನೆಯನ್ನು ಅಪ್ಪ ಯಾರಿಗೆ ಬೇಕಾದರೂ ಬರೆಯಬಹುದು. ಆ ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು.

ತವರು ತಪ್ಪಬಾರದೆಂದು ಎಷ್ಟೋ ಹೆಣ್ಣುಮಕ್ಕಳು ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು ಇಸಕೊಂಡು “ನಂಗೇನೂ ಬೇಡ ಬಿಡಣ್ಣ” ಎನ್ನುತ್ತಾರೆ. ಅದು ಅವರಿಷ್ಟ. ಆದರೆ ಬಾಯಿಮಾತಿಗಾಗಲಿ, ಖಾತೆಗೆ ಅಭ್ಯಂತರವಿಲ್ಲವೆಂದು ಬರೆದ ಹಾಳೆಗಾಗಲಿ ಹಕ್ಕು ಹೋಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬೇಕು. ಆಗ ಯಾರೂ ಅದರ ಗೋಜಿಗೆ ಹೋಗುವುದಿಲ್ಲ. ಹದಿನೈದು ವರ್ಷ ಕಳೆದು ಅಣ್ಣ ಮನೆ ಮಾರಲು ಹೊರಡುತ್ತಾನೆ, ಅಡ್ವಾನ್ಸೂ ಕೈಸೇರಿರುತ್ತದೆ. ಕೊಳ್ಳುವವರ ವಕೀಲರು ಕಾಗದಪತ್ರಗಳನ್ನು ತಿರುವಿಹಾಕಿ, ಕನ್ನಡಕ ತೆಗೆದು ಕೇಳುತ್ತಾರೆ: “ತಂಗಿಯವರು ಈಗ ಎಲ್ಲಿದ್ದಾರೆ?”